ಬಸ್ ಬೋರ್ಡ್ ಓದುತ್ತಾ ಕನ್ನಡಕ್ಕೆ ಬಂದ ಹುಡುಗ: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಮಾರತ್ತಹಳ್ಳಿ ಸುತ್ತಮುತ್ತಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಾವಲು ಕಾಯುವವರಲ್ಲಿ ನೇಪಾಳದವರು ಬಹಳ ಜನ ಇದ್ದಾರೆ. ಗಂಡಸರು ಮೊದಲು ಒಬ್ಬರೇ ಬರುತ್ತಾರೆ, ವರ್ಷಗಟ್ಟಲೆ ದುಡಿದು ಊರಿಗೆ ದುಡ್ಡು ಕಳಿಸುತ್ತಾರೆ, ಆಮೇಲೆ ಯಾವಾಗಲೋ ಹೆಂಡತಿ ಮಕ್ಕಳೂ ಬಂದು ಸೇರಿಕೊಳ್ಳುತ್ತಾರೆ. ಆ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಈಗ ಅಪರೂಪವೇನಲ್ಲ. ನಾನು ಆ ಕಡೆ ಸಂಜೆ ಹೊತ್ತು ಶಾಲಾ ಮಕ್ಕಳಿಗೆ ಓದಿಸುವ ಒಂದು ಸಣ್ಣ ಗುಂಪಿನಲ್ಲಿ ಇದ್ದೇನೆ. ಇಂಥ ಮಗು ತರಗತಿಗೆ ಬಂದರೆ ಏನು ಮಾಡೋದು ಅಂತ ಶಿಕ್ಷಕರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಒಬ್ಬ ಹುಡುಗನ ವಿಷಯ ಪೂರ್ತಿ ಬರೆದಿದ್ದೇನೆ. ಅವನನ್ನು ದೀಪಕ್ ಅಂತ ಕರೆಯೋಣ, ನಿಜವಾದ ಹೆಸರು ಅದಲ್ಲ. ಶಾಲೆ, ಅಪಾರ್ಟ್‌ಮೆಂಟ್, ಮನೆಯವರ ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ.

ಹಿನ್ನೆಲೆ

ದೀಪಕ್ ಬಂದಾಗ ಅವನಿಗೆ ಹತ್ತು ವರ್ಷ. ನೇಪಾಳದ ಪಶ್ಚಿಮದ ತುದಿಯ ಬೆಟ್ಟದ ಊರಿನವನು. ಅಪ್ಪ ಬೆಂಗಳೂರಿನಲ್ಲಿ, ಅವನು ಅಮ್ಮ ಮತ್ತು ಅಜ್ಜಿಯ ಜೊತೆ ಊರಿನಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಇಬ್ಬರನ್ನೂ ಕರೆದುಕೊಂಡು ಬಂದರು. ಬೆಟ್ಟ ಇಳಿದು ಮಹೇಂದ್ರನಗರ, ಅಲ್ಲಿಂದ ಗಡಿ ದಾಟಿ ಬನಬಸಾ, ಬಸ್ಸಿನಲ್ಲಿ ದೆಹಲಿ, ದೆಹಲಿಯಿಂದ ರೈಲು. ಭಾರತ ಮತ್ತು ನೇಪಾಳದ ನಡುವೆ 1950ರಲ್ಲಿ ಆದ ಒಪ್ಪಂದ ಇರೋದರಿಂದ ವೀಸಾ ಬೇಕಿಲ್ಲ, ಬಂದು ಕೆಲಸ ಮಾಡಿಕೊಂಡು ಇರಬಹುದು. ಕಾಗದದ ಮೇಲೆ ಸುಲಭ. ಹತ್ತು ವರ್ಷದ ಹುಡುಗನಿಗೆ ಮಾತ್ರ ಅದು ಬೇರೆಯೇ ದೇಶ.

ಮನೆ ಅಂದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಂಪ್ ರೂಮಿನ ಪಕ್ಕದ ಒಂದು ಕೋಣೆ. ಅಪ್ಪನಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಅಮ್ಮ ಬೆಳಗ್ಗೆ ಎದ್ದು ಮೇಲಿನ ಮೂರು ನಾಲ್ಕು ಮನೆಗಳ ಕೆಲಸಕ್ಕೆ ಹೋಗುತ್ತಾರೆ. ಇಲ್ಲೊಂದು ವಿಷಯ ಗಮನಿಸಬೇಕು, ನಮಗೂ ಅದು ತಡವಾಗಿ ಗೊತ್ತಾಯಿತು. ಅಪ್ಪ ಮಲಗಿರುವಷ್ಟು ಹೊತ್ತು ಕೋಣೆಯಲ್ಲಿ ಸದ್ದು ಮಾಡುವ ಹಾಗಿಲ್ಲ. ಮಾತಾಡುವ ಹಾಗಿಲ್ಲ, ಪಾತ್ರೆ ಸದ್ದಾಗುವ ಹಾಗಿಲ್ಲ. ರಜೆ ದಿನಗಳಲ್ಲಿ ಹುಡುಗ ಬೆಳಗಿನಿಂದ ಸಂಜೆವರೆಗೆ ಹೊರಗೆ ಗೇಟಿನ ಪಕ್ಕದ ಮೋಟುಗೋಡೆ ಮೇಲೆ ಕೂತಿರುತ್ತಿದ್ದ. ಎದುರಿಗೆ ಹೊರವರ್ತುಲ ರಸ್ತೆ. ಅಲ್ಲಿಂದ ಕಾಣುತ್ತಿದ್ದದ್ದು ಬಸ್ಸುಗಳು.

ಶಾಲೆಗೆ ಸೇರಿಸುವುದು ಕಷ್ಟವಾಗಲಿಲ್ಲ, ಅದಕ್ಕೆ ಮುಖ್ಯೋಪಾಧ್ಯಾಯರಿಗೆ ಧನ್ಯವಾದ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಅವರಿಗೆ ಇದು ಬಾಯಿಪಾಠವಾಗಿತ್ತು. ಆಗಸ್ಟ್ ತಿಂಗಳು, ವರ್ಷದ ಮಧ್ಯ. ಹುಡುಗ ಐದನೇ ತರಗತಿಗೆ ಸೇರಿದ.

ತೊಂದರೆ

ಅವನು ಮಾತಾಡುತ್ತಿರಲಿಲ್ಲ.

ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಬಾಯಿ ಬಿಡದೆ ಬರೀ ಕೇಳಿಸಿಕೊಳ್ಳುತ್ತಾ ಇರುವುದು ಸಾಮಾನ್ಯ. ಅದಕ್ಕೇ ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ಆದರೆ ಇವನು ಹಾಜರಿ ಕೂಗಿದಾಗಲೂ ಎದ್ದು ನಿಲ್ಲುತ್ತಿದ್ದ ಅಷ್ಟೇ, ಬಾಯಿ ತೆರೆಯುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲಾಗದೆ ಒಂದು ದಿನ ಕೂತಲ್ಲೇ ಒದ್ದೆ ಮಾಡಿಕೊಂಡ. ಕಿವಿ ಕೇಳುತ್ತೋ ಇಲ್ಲವೋ ಅಂತ ಟೀಚರ್‌ಗೆ ಅನುಮಾನ ಬಂತು. ಪರೀಕ್ಷೆ ಮಾಡಿಸಿದರು, ಕಿವಿ ಸರಿಯಾಗಿತ್ತು. ಹುಡುಗರು ಅವನನ್ನು ‘ಬಹದ್ದೂರ್’ ಅಂತ ಕೂಗುತ್ತಿದ್ದರು. ಅವನ ಅಪ್ಪನನ್ನೂ ಅಪಾರ್ಟ್‌ಮೆಂಟಿನಲ್ಲಿ ಜನ ಹೆಸರು ಹಿಡಿದು ಕರೆಯದೆ ಹಾಗೇ ಕರೆಯುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಒಂದು ದಿನ ಹಾಗೆ ಕೂಗಿದ ಹುಡುಗನ ಕೈ ಕಚ್ಚಿದ. ಶಾಲೆಗೆ ಬಂದ ಮೇಲೆ ಅವನು ಎಲ್ಲರ ಎದುರು ಏನಾದರೂ ‘ಹೇಳಿದ್ದು’ ಅಂದರೆ ಅದೊಂದೇ. ದೂರು ಬಂತು, ಅಮ್ಮನನ್ನು ಕರೆಸಿದರು, ಅಮ್ಮ ಅತ್ತರು.

ಮಾಡಿ ನೋಡಿದ್ದು

ಮೊದಲ ಪ್ರಯತ್ನ ಶಾಲೆಯದು. ಕನ್ನಡದ ಪೀರಿಯಡ್ ಬಂದಾಗ ಅವನನ್ನು ನಲಿ-ಕಲಿ ಕೋಣೆಗೆ, ಅಂದರೆ ಒಂದರಿಂದ ಮೂರನೇ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸುವುದು. ಉದ್ದೇಶ ಒಳ್ಳೆಯದೇ. ಅಕ್ಷರ ಅಲ್ಲಿಂದಲೇ ತಾನೇ ಶುರುವಾಗಬೇಕು? ಆದರೆ ಊರಿನ ಶಾಲೆಯಲ್ಲಿ ಇವನು ಚೆನ್ನಾಗಿ ಓದುತ್ತಿದ್ದವನು. ನೇಪಾಳಿ ಪಾಠ ಸರಾಗವಾಗಿ ಓದುತ್ತಿದ್ದ, ಗಣಿತದಲ್ಲಿ ಮುಂದಿದ್ದ. ಆರು ವರ್ಷದ ಮಕ್ಕಳ ಮಧ್ಯೆ ಮೊಣಕಾಲು ಮಡಚಿಕೊಂಡು ಕೂತ ಕೆಲವೇ ದಿನಕ್ಕೆ ಶಾಲೆಗೇ ಬರೋದು ನಿಲ್ಲಿಸಿದ. ಬೆಳಗ್ಗೆ ಯೂನಿಫಾರ್ಮ್ ಹಾಕಿಕೊಂಡು ಹೊರಡುತ್ತಿದ್ದ, ಆದರೆ ಶಾಲೆ ತಲುಪುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತಿರುತ್ತಿದ್ದ.

ಹೀಗಿದ್ದಾಗ ಅವನು ನಮ್ಮ ಸಂಜೆ ತರಗತಿಗೆ ಬಂದ. ನಮ್ಮಲ್ಲೊಬ್ಬರು ಹಿಂದಿಯಲ್ಲಿ ಮಾತಾಡಿಸಿದರು. ಅವನಿಗೆ ಅರ್ಥವಾಗುತ್ತಿತ್ತು, ಒಂದೆರಡು ಮಾತಿನ ಉತ್ತರವೂ ಬಂತು. ನಮಗೆ ಖುಷಿಯೋ ಖುಷಿ. ಆದರೆ ಅದರ ಪರಿಣಾಮ ಬೇರೆಯಾಯಿತು. ಉಳಿದ ಮಕ್ಕಳು ಕನ್ನಡ, ತೆಲುಗು, ತಮಿಳು ಬೆರೆಸಿ ಒಂದು ಕಡೆ ಕಲಕಲ ಅನ್ನುತ್ತಿದ್ದರೆ, ಇವನು ಹಿಂದಿ ಬಲ್ಲ ದೊಡ್ಡವರೊಬ್ಬರ ಪಕ್ಕಕ್ಕೆ ಅಂಟಿಕೊಂಡು ಕೂರಲು ಶುರು ಮಾಡಿದ. ಮಾತು ಬಂತು, ಗೆಳೆಯರು ಬರಲಿಲ್ಲ. ಕ್ರಿಕೆಟ್‌ಗೆ ಸೇರಿಸಿದೆವು. ದೂರದ ಫೀಲ್ಡಿಂಗ್‌ಗೆ ನಿಲ್ಲಿಸಿದರು, ಅಲ್ಲೇ ನಿಂತಿದ್ದ, ಆಟ ಮುಗಿದದ್ದೂ ಅವನಿಗೆ ಯಾರೂ ಹೇಳಲಿಲ್ಲ.

ಆಮೇಲೆ ಒಂದು ಮಳೆ ಸಂಜೆ ಅವನ ಹಳೇ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಹಿಂದಿನ ಪುಟಗಳ ತುಂಬಾ ಬಸ್ಸಿನ ಮುಖಗಳು. ಬರೀ ಮುಖಗಳು, ಎದುರಿನಿಂದ ನೋಡಿದ ಹಾಗೆ. ವೈಪರ್ ಎಲ್ಲಿರುತ್ತೆ, ಕನ್ನಡಿ ಎಷ್ಟು ಬಾಗಿರುತ್ತೆ, ‘ವಜ್ರ’ ಅನ್ನುವ ಕೆಂಪು ಎಸಿ ಬಸ್ಸಿನ ಗಾಜು ಎಷ್ಟು ದೊಡ್ಡದು, ಮಾಮೂಲಿ ಬಸ್ಸಿನದು ಎಷ್ಟು ಅಂತ ಪ್ರತಿಯೊಂದೂ ಬೇರೆ ಬೇರೆ. ಎಲ್ಲಕ್ಕೂ ಹಣೆಯ ಮೇಲೆ ಬೋರ್ಡ್. ಬೋರ್ಡಿನಲ್ಲಿ ನಂಬರು, ಪಕ್ಕದಲ್ಲಿ ಕನ್ನಡ ಅಕ್ಷರ. 500ಡಿ ಹೆಬ್ಬಾಳ. 335ಇ ಕಾಡುಗೋಡಿ. ವಿಮಾನ ನಿಲ್ದಾಣದ ಕೆಐಎ-8. ಒಂದು ಅಕ್ಷರವೂ ತಪ್ಪಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಇನ್ನೊಂದು ಬರಿ ಅಂತ ಪೆನ್ಸಿಲ್ ಕೊಟ್ಟೆ. ‘ಮಾರತ್ತಹಳ್ಳಿ’ ಬರೆಯುವಾಗ ‘ಳ್ಳಿ’ಗೆ ಬಂದವನು ಕೆಳಗಿನ ಒತ್ತಿನಿಂದ ಶುರು ಮಾಡಿ ಮೇಲಕ್ಕೆ ಹೋದ, ಕೊನೆಗೆ ಗುಡಿಸು ಹಾಕಿದ. ಆಗ ಗೊತ್ತಾಯಿತು, ಅವನು ಬರೆಯುತ್ತಿರಲಿಲ್ಲ, ಅಕ್ಷರದ ಚಿತ್ರ ಬಿಡಿಸುತ್ತಿದ್ದ. ಓದಲು ಬರುತ್ತಿರಲಿಲ್ಲ. ಆದರೂ ಯಾವ ಬೋರ್ಡ್ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತೆ ಅಂತ ಅವನಿಗೆ ಗೊತ್ತಿತ್ತು. ಬರೀ ನೋಡಿ ನೋಡಿ.

ಇದು ಮೊದಲನೇ ತಿರುವು. ಈ ಪುಸ್ತಕವನ್ನು ಏನು ಮಾಡೋದು ಅಂತ ನಮ್ಮೊಳಗೇ ಚರ್ಚೆ ನಡೆಯಿತು. ಇದನ್ನೇ ಪಾಠ ಮಾಡಿಬಿಡೋಣ, ಬಸ್ ಬೋರ್ಡಿನಿಂದ ವರ್ಣಮಾಲೆ ಕಲಿಸೋಣ ಅಂತ ಕೆಲವರು ಹೇಳಿದರು. ನನಗೆ ಅದು ಇಷ್ಟವಾಗಲಿಲ್ಲ. ಆ ಹುಡುಗನ ಹತ್ತಿರ ಅವನದೇ ಅಂತ ಇದ್ದದ್ದು ಅದೊಂದೇ. ಅದನ್ನೂ ನಾವು ಕಿತ್ತುಕೊಂಡು ಹೋಂವರ್ಕ್ ಮಾಡಿದರೆ ಅವನಿಗೆ ಇನ್ನೇನು ಉಳಿಯುತ್ತೆ? ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ನಮಗೆ ನಿಜವಾಗಲೂ ಬೇಕಾದ ಪ್ರಶ್ನೆ ಮಾತ್ರ ಅವನನ್ನು ಕೇಳೋದು. ಬನಶಂಕರಿಗೆ ಹೋಗೋಕೆ ಇಲ್ಲಿಂದ ಯಾವ ಬಸ್? ಸಿಲ್ಕ್ ಬೋರ್ಡ್‌ಗೆ ಈಗ ಹೊರಟರೆ ಬೇಗ ಸಿಗುತ್ತಾ? ಉತ್ತರ ಗೊತ್ತಿದ್ದೂ ಸುಮ್ನೆ ಪರೀಕ್ಷೆ ಮಾಡೋಕೆ ಕೇಳೋದು ಬೇಡ. ಅವನು ಪುಸ್ತಕ ತೆರೆದು ಬೆರಳಿಟ್ಟು ತೋರಿಸುತ್ತಿದ್ದ. ಅಷ್ಟು ಸಾಕಿತ್ತು.

ಅಷ್ಟರಲ್ಲಿ ಪುಸ್ತಕದ ಸುದ್ದಿ ಶಾಲೆಗೆ ಮುಟ್ಟಿತು. ಅವರಿಗೂ ಸಂಭ್ರಮ. ಮಕ್ಕಳ ದಿನಾಚರಣೆಗೆ ಅವನನ್ನು ವೇದಿಕೆ ಹತ್ತಿಸಿ, ಕೈಗೆ ಮೈಕ್ ಕೊಟ್ಟು, ನಿನ್ನ ಬಸ್ಸುಗಳ ಬಗ್ಗೆ ಹೇಳು ಅಂದರು. ಅವನು ಹೇಳಲಿಲ್ಲ. ಮೈಕ್ ಹಿಡಿದು ನಿಂತೇ ಇದ್ದ. ಹಿಂದಿನ ಸಾಲಿನಿಂದ ಯಾರೋ ‘ರೈಟ್ ರೈಟ್’ ಅಂದರು, ಎಲ್ಲ ನಕ್ಕರು. ಆಮೇಲೆ ಬಹಳ ದಿನ ಪುಸ್ತಕ ಬ್ಯಾಗಿನಿಂದ ಹೊರಗೆ ಬರಲಿಲ್ಲ. ಮಗುವಿನ ಹವ್ಯಾಸ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಪ್ರದರ್ಶನಕ್ಕಿಡುವ ಆಸೆ ದೊಡ್ಡವರಿಗೆ ಪ್ರೀತಿಯಿಂದಲೇ ಬರುತ್ತೆ. ಆದರೆ ಇನ್ನೂ ಹಾಜರಿ ಕೂಗಿದಾಗ ಬಾಯಿ ಬಿಡದ ಮಗುವಿಗೆ ವೇದಿಕೆ ತುಂಬಾ ದೂರದ ಜಾಗ.

ಅಜ್ಜಿ ಮತ್ತು ಜಗಳ

ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕೆಲಸ ನಡೆಯುತ್ತಿತ್ತು. ಬಸ್ ಸ್ಟಾಪುಗಳು ಇವತ್ತು ಇಲ್ಲಿ, ನಾಳೆ ಅಲ್ಲಿ. ಒಂದು ಸಂಜೆ ಮಕ್ಕಳನ್ನು ಮನೆಗೆ ಬಿಡಲು ಹೋಗುತ್ತಿದ್ದಾಗ ಸ್ಟಾಪಿನಲ್ಲಿ ಒಬ್ಬರು ಅಜ್ಜಿ, ಕೈಯಲ್ಲೊಂದು ತುಂಬಿದ ಚೀಲ, ಬಂದ ಬಸ್ಸಿಗೆಲ್ಲ ಕೈ ಅಡ್ಡ ಹಾಕುತ್ತಿದ್ದರು. ಓದಲು ಬರದವರು. ಹತ್ತಿರದಲ್ಲಿದ್ದ ದೀಪಕ್‌ನನ್ನೇ ಕೇಳಿದರು, “ಮಗಾ, ಇದು ಹೆಬ್ಬಾಳಕ್ಕೆ ಹೋಗುತ್ತೇನೋ?” ಅವನು ಇಲ್ಲ ಅಂತ ತಲೆಯಾಡಿಸಿದ. ಇನ್ನೊಂದು ಬಂತು. ಮತ್ತೆ ಇಲ್ಲ. ಮೂರನೆಯದು ಇನ್ನೂ ಸಿಗ್ನಲ್ ಹತ್ತಿರ ಇರುವಾಗಲೇ ಅವನು ಅಜ್ಜಿಯ ಚೀಲಕ್ಕೆ ಕೈ ಹಾಕಿ, “ಅಜ್ಜಿ, ಹೆಬ್ಬಾಳ. ಬನ್ನಿ. ಹತ್ತಿ” ಅಂದ. ಚೀಲ ಮೆಟ್ಟಿಲ ಮೇಲಿಟ್ಟು ಕೊಟ್ಟ. ಅಜ್ಜಿ ಅವನ ಕೆನ್ನೆ ಮುಟ್ಟಿ ಹತ್ತಿದರು. ಹುಡುಗನ ಬಾಯಿಂದ ಕನ್ನಡ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಏನೂ ಹೇಳಲಿಲ್ಲ, ಶಹಭಾಸ್ ಅಂತಲೂ ಅನ್ನಲಿಲ್ಲ. ಅಂದಿದ್ದರೆ ಮತ್ತೆ ಅದು ವೇದಿಕೆಯೇ ಆಗುತ್ತಿತ್ತು ಅಲ್ವಾ?

ಆದರೆ ಮಾತು ನಿಜವಾಗಿ ಹರಿದದ್ದು ಪ್ರೀತಿಯಿಂದಲ್ಲ, ಜಗಳದಿಂದ. ಆರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ, ನವೀನ್ ಅನ್ನೋಣ. ಅವನ ಅಪ್ಪ ಬೆಂಗಳೂರಿನ ಸಿಟಿ ಬಸ್ ಸಂಸ್ಥೆ ಬಿಎಂಟಿಸಿಯಲ್ಲಿ ಡ್ರೈವರ್. ಬಸ್ಸಿನ ವಿಷಯದಲ್ಲಿ ತನಗಿಂತ ತಿಳಿದವರಿಲ್ಲ ಅನ್ನುವ ಹುಡುಗ. ಅವನು ಸಂಜೆ ತರಗತಿಯಲ್ಲಿ ಯಾರಿಗೋ, 335ಇ ಹೆಬ್ಬಾಳದ ಮೇಲೆ ಹೋಗುತ್ತೆ ಅಂತ ಹೇಳುತ್ತಿದ್ದ. ಮೂಲೆಯಲ್ಲಿದ್ದ ದೀಪಕ್ ಎದ್ದು ಬಂದ. “ಹೋಗಲ್ಲ.” ಎಲ್ಲರೂ ತಿರುಗಿ ನೋಡಿದರು. “ಅದು ಹೆಬ್ಬಾಳ ಹೋಗಲ್ಲ. ಅದು ಮೆಜೆಸ್ಟಿಕ್, ದೊಮ್ಮಲೂರು, ಎಚ್‌ಎಎಲ್, ಮಾರತ್ತಹಳ್ಳಿ, ಕುಂದಲಹಳ್ಳಿ, ಕಾಡುಗೋಡಿ. ಹೆಬ್ಬಾಳ 500ಡಿ.” ನವೀನ್ ಒಪ್ಪಲಿಲ್ಲ. ನಿನಗೇನೋ ಗೊತ್ತು ಅಂದ. ದೀಪಕ್ ಬ್ಯಾಗಿನಿಂದ ಪುಸ್ತಕ ಎಳೆದು ಅವನ ಮುಂದೆ ಹಾಕಿದ. ನಮ್ಮಲ್ಲೊಬ್ಬರು ಸಮಾಧಾನ ಮಾಡಲು ಎದ್ದರು, ನಾನು ತಡೆದೆ. ಅವರು ಜಗಳವಾಡಲಿ ಅಂತ ಬಿಟ್ಟದ್ದು ಈ ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಅಂತ ನನ್ನ ಅನಿಸಿಕೆ. ಮರುದಿನ ನವೀನ್ ತನ್ನ ಅಪ್ಪನನ್ನು ಕೇಳಿಕೊಂಡು ಬಂದ. ದೀಪಕ್ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡ, ಆದರೆ ಜೊತೆಗೆ ದೀಪಕ್‌ಗೆ ಗೊತ್ತಿಲ್ಲದ್ದನ್ನೂ ತಂದಿದ್ದ. ನಂಬರಿನ ಮುಂದೆ ‘ವಿ’ ಇದ್ದರೆ ವಜ್ರ. ನಂಬರ್ ಒಂದೇ ಇದ್ದು ಕೊನೆಯ ಅಕ್ಷರ ಬೇರೆ ಇದ್ದರೆ ದಾರಿಯೋ ಕೊನೆಯ ಸ್ಟಾಪೋ ಬೇರೆ. ಹಿಂದೆ ಬಿಟಿಎಸ್ ಅಂತ ಇದ್ದದ್ದು 1997ರಲ್ಲಿ ಬಿಎಂಟಿಸಿ ಆಯಿತು.

ಅಲ್ಲಿಂದ ಇಬ್ಬರೂ ಒಂದೇ ಬೆಂಚು. ದಿನವೂ ವಾದ. ಬಸ್ ಎಲ್ಲಿ ತಿರುಗುತ್ತೆ, ಯಾವ ಡಿಪೋದ್ದು, ಎಲೆಕ್ಟ್ರಿಕ್ ಬಸ್ಸಿಗೆ ಗೇರ್ ಇದೆಯೋ ಇಲ್ಲವೋ. ನವೀನ್‌ಗೆ ಹಿಂದಿ ಅಷ್ಟಕ್ಕಷ್ಟೇ, ಆದ್ದರಿಂದ ವಾದ ಗೆಲ್ಲಬೇಕಾದರೆ ಕನ್ನಡದಲ್ಲೇ ಗೆಲ್ಲಬೇಕು. ನಾವು ತಿಂಗಳುಗಟ್ಟಲೆ ಮಾಡಲಾಗದ್ದನ್ನು ಈ ಒಂದು ಸಣ್ಣ ಅನಿವಾರ್ಯ ಮಾಡಿತು.

ಓದು ಬಂದ ಬಗೆ

ಈ ಭಾಗ ಶಿಕ್ಷಕರಿಗೆ ಉಪಯೋಗಕ್ಕೆ ಬರಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೇಪಾಳಿ ಬರೆಯುವುದು ದೇವನಾಗರಿಯಲ್ಲಿ. ಲಿಪಿ ಬೇರೆ, ಆದರೆ ಕ ಖ ಗ ಘ ಅನ್ನುವ ಸಾಲು ಅದೇ. ಅಂದರೆ ಇಂಥ ಮಗುವಿಗೆ ಅಕ್ಷರ ಅಂದರೇನು, ಗುಣಿತ ಅಂದರೇನು ಅಂತ ಮೊದಲಿನಿಂದ ಕಲಿಸಬೇಕಿಲ್ಲ. ಹೊಸ ರೂಪ ತೋರಿಸಿದರೆ ಸಾಕು. ಅವನಿಗೆ ಕಷ್ಟವಾದದ್ದು ಮೂರು: ಎ-ಏ, ಒ-ಓ ಹ್ರಸ್ವ ದೀರ್ಘದ ವ್ಯತ್ಯಾಸ, ಳ ಅಕ್ಷರ, ಮತ್ತು ಒತ್ತು ಕೆಳಗೆ ಬರುವ ಪದ್ಧತಿ. ಬೆಂಗಳೂರಿನ ಬಸ್ ಬೋರ್ಡುಗಳಲ್ಲಿ ಈ ಮೂರೂ ಹೇರಳವಾಗಿವೆ. ಹೆಬ್ಬಾಳ, ಬೆಳ್ಳಂದೂರು, ಬಯ್ಯಪ್ಪನಹಳ್ಳಿ, ದೊಡ್ಡನೆಕ್ಕುಂದಿ. ‘ಹಳ್ಳಿ’ ಒಂದನ್ನು ಗುರುತಿಸಲು ಬಂದರೆ ಊರಿನ ಎಷ್ಟೋ ಬೋರ್ಡುಗಳ ಬಾಲ ಓದಿದ ಹಾಗೆಯೇ. ಆಮೇಲೆ ಪಾಳ್ಯ, ಸಂದ್ರ, ಪುರ, ನಗರ. ಬಾಲ ಗೊತ್ತಾದರೆ ತಲೆ ಊಹಿಸಬಹುದು. ಜೊತೆಗೆ ಹೆಸರುಗಳು ಅವನಿಗೆ ಕಂಡಕ್ಟರ್ ಕೂಗುವುದನ್ನು ಕೇಳಿ ಮೊದಲೇ ಗೊತ್ತು. ಕಿವಿಗೆ ಗೊತ್ತಿದ್ದ ಸದ್ದಿಗೆ ಕಣ್ಣಿಗೆ ಗೊತ್ತಿದ್ದ ಚಿತ್ರ ಸೇರಿಕೊಂಡಿತು, ಅಷ್ಟೇ. ಅವನು ಕೇಳಿದಾಗ ಮಾತ್ರ ನಾವು ಅಕ್ಷರ ಬಿಡಿಸಿ ಹೇಳುತ್ತಿದ್ದೆವು. ಬರೆಯುವ ಕ್ರಮ ಮಾತ್ರ ತಿದ್ದಿದೆವು, ಮೇಲಿನಿಂದ ಕೆಳಗೆ.

ಭಾನುವಾರಗಳಂದು ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಪ್ರಶ್ನೆ ಬಂತು. ಅಪ್ಪನಿಗೆ ಇಷ್ಟವಿರಲಿಲ್ಲ. ಹುಡುಗ ದಾರಿ ತಪ್ಪಿದರೆ ಪೊಲೀಸರ ಹತ್ತಿರ ಯಾವ ಕಾಗದ ತೋರಿಸಲಿ ಅನ್ನುವುದು ಅವರ ಭಯ. ಅದು ಸುಳ್ಳು ಭಯವಲ್ಲ. ಹಾಗಾಗಿ ಒಬ್ಬನೇ ಹೋಗುವ ಹಾಗಿಲ್ಲ, ಅಮ್ಮ ಜೊತೆಗಿರಬೇಕು, ಅಪ್ಪನ ಫೋನ್ ನಂಬರ್ ಜೇಬಿನಲ್ಲಿರಬೇಕು ಅಂತ ಆಯಿತು. ಇದರಿಂದ ನಾವು ಯೋಚಿಸಿರದ ಒಂದು ಒಳ್ಳೆಯದಾಯಿತು. ಆ ತಾಯಿ ಅಲ್ಲಿಯವರೆಗೆ ಗೇಟು, ಅಂಗಡಿ, ಮೇಲಿನ ಮನೆಗಳು ಇಷ್ಟು ಬಿಟ್ಟು ಬೆಂಗಳೂರು ನೋಡಿರಲಿಲ್ಲ. ಮಗ 335ಇ ಹತ್ತಿಸಿ ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋದ. ಕಿಟಕಿ ಪಕ್ಕ ಕೂತು ಒಂದೊಂದೇ ಸ್ಟಾಪಿನ ಹೆಸರು ಹೇಳಿದ.

ಅದೇ ಬಸ್ಸಿನಲ್ಲಿ ಇನ್ನೊಂದನ್ನೂ ಅವನು ಗಮನಿಸಿದ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಾಮೂಲಿ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಗುರುತಿನ ಚೀಟಿಯಲ್ಲಿ ಇಲ್ಲಿನ ವಿಳಾಸ ಇರಬೇಕು. ಅವನ ಅಮ್ಮನ ಹತ್ತಿರ ಅದಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಕಾರ್ಡ್ ತೋರಿಸಿ ಶೂನ್ಯ ದರದ ಚೀಟಿ ಪಡೆದರೆ ಅಮ್ಮ ಮಾತ್ರ ದುಡ್ಡು ಎಣಿಸಿ ಕೊಟ್ಟರು. ಅಮ್ಮನಿಗೆ ಯಾಕೆ ಇಲ್ಲ ಅಂತ ಸಂಜೆ ಬಂದು ನನ್ನನ್ನು ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹವ್ಯಾಸದಿಂದ ಇದೆಲ್ಲ ಸರಿಹೋಗುವುದಿಲ್ಲ, ಮಗುವಿಗೆ ಊರು ಹತ್ತಿರವಾದಷ್ಟೂ ಇಂಥದ್ದು ಜಾಸ್ತಿ ಕಣ್ಣಿಗೆ ಬೀಳುತ್ತೆ.

ಏನಾಯಿತು, ಏನು ಗೊತ್ತಾಯಿತು

ವರ್ಷದ ಕೊನೆಗೆ ಪವಾಡವೇನೂ ನಡೆಯಲಿಲ್ಲ. ಕನ್ನಡ ಪರೀಕ್ಷೆಯಲ್ಲಿ ಅಂಕ ಕಡಿಮೆಯೇ. ಪಾಠದ ಉದ್ದ ವಾಕ್ಯಗಳಲ್ಲಿ ಈಗಲೂ ತಡವರಿಸುತ್ತಾನೆ, ಸ್ವಂತವಾಗಿ ಬರೆಯುವುದು ಇನ್ನೂ ಕಷ್ಟ. ಆದರೆ ಹಾಜರಿಗೆ ಉತ್ತರ ಕೊಡುತ್ತಾನೆ. ಶಾಲೆ ತಪ್ಪಿಸುವುದು ನಿಂತಿದೆ. ‘ಬಹದ್ದೂರ್’ ಅನ್ನುವುದು ಪೂರ್ತಿ ನಿಲ್ಲಲಿಲ್ಲ. ಯಾರಾದರೂ ಅಂದರೆ ಈಗ ಅವನು ಕಚ್ಚುವುದಿಲ್ಲ, ನನ್ನ ಹೆಸರು ಇದು ಅಂತ ಹೇಳುತ್ತಾನೆ, ಪಕ್ಕದಲ್ಲಿ ನವೀನ್ ನಿಂತಿರುತ್ತಾನೆ.

ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಬಸ್ಸಲ್ಲ. ಇನ್ನೊಂದು ಮಗುವಿಗೆ ಅದು ಹಕ್ಕಿ ಆಗಬಹುದು, ಕೇರಂ ಆಗಬಹುದು. ಮುಖ್ಯವಾದದ್ದು, ಅವನಿಗೆ ಚೆನ್ನಾಗಿ ಗೊತ್ತಿದ್ದ ಒಂದು ವಿಷಯದಲ್ಲಿ ಬೇರೆಯವರು ತಪ್ಪು ಹೇಳಿದರು, ಅವನಿಗೆ ತಡೆಯಲಾಗಲಿಲ್ಲ. ನಾವು ಹೊಸ ಮಗುವನ್ನು ಹೊಗಳುತ್ತೇವೆ, ಸಹಾಯ ಮಾಡುತ್ತೇವೆ, ಸುಲಭದ ಪ್ರಶ್ನೆ ಕೇಳುತ್ತೇವೆ. ಯಾರೂ ಅದರ ಜೊತೆ ಸರಿಸಮನಾಗಿ ವಾದ ಮಾಡುವುದಿಲ್ಲ. ಆ ಮಗುವಿನ ಹವ್ಯಾಸವನ್ನೇ ಹಚ್ಚಿಕೊಂಡ, ಸ್ವಲ್ಪ ಜಂಬದ ಇನ್ನೊಂದು ಮಗು ಶಾಲೆಯಲ್ಲಿ ಇದೆಯೇ ಅಂತ ಹುಡುಕಿ. ನಾವು ನವೀನ್‌ನನ್ನು ಹುಡುಕಲಿಲ್ಲ, ಅವನಾಗೇ ಸಿಕ್ಕಿದ. ಮುಂದಿನ ಮಗುವಿಗೆ ನಾವೇ ಹುಡುಕುತ್ತೇವೆ. ಇನ್ನೊಂದು, ಮಗು ಮೌನವಾಗಿದ್ದರೆ ಮನೆಯಲ್ಲಿ ಅದಕ್ಕೆ ಮಾತಾಡಲು ಜಾಗ ಇದೆಯೇ ಅಂತ ಮೊದಲು ಕೇಳಿ. ಹಗಲು ಮಲಗುವ ಅಪ್ಪಂದಿರು ಈ ಊರಿನಲ್ಲಿ ಬಹಳ ಜನ ಇದ್ದಾರೆ.

ಬೇಸಿಗೆ ರಜೆಯಲ್ಲಿ ಅಪ್ಪನನ್ನು ಸೆಕ್ಯೂರಿಟಿ ಏಜೆನ್ಸಿಯವರು ಹೆಬ್ಬಾಳದ ಆಚೆಯ ಇನ್ನೊಂದು ಅಪಾರ್ಟ್‌ಮೆಂಟಿಗೆ ಹಾಕಿದರು. ಕುಟುಂಬವೂ ಹೋಗಬೇಕಾಯಿತು. ದಿನಾ 500ಡಿಯಲ್ಲಿ ಇದೇ ಶಾಲೆಗೆ ಬರುತ್ತೇನೆ ಅಂತ ದೀಪಕ್ ಹಟ ಹಿಡಿದ. ಅವನಿಗೆ ಹನ್ನೊಂದು ವರ್ಷ, ಆ ರಸ್ತೆಯ ಟ್ರಾಫಿಕ್ ಗೊತ್ತಿದ್ದವರು ಯಾರೂ ಒಪ್ಪುವ ಮಾತಲ್ಲ. ಜೂನ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಆರನೇ ತರಗತಿಗೆ ಸೇರಿಸಿದೆವು. ಹೊಸ ಟೀಚರ್‌ಗೆ ಒಂದು ಪುಟದ ಟಿಪ್ಪಣಿ ಕಳಿಸಿದೆವು: ಹುಡುಗನಿಗೆ ಕನ್ನಡ ಅರ್ಥವಾಗುತ್ತೆ, ಓದುವುದು ನಿಧಾನ, ಚಿಕ್ಕ ತರಗತಿಗೆ ಕೂರಿಸಬೇಡಿ, ವೇದಿಕೆ ಹತ್ತಿಸಬೇಡಿ, ಬಸ್ಸಿನ ವಿಷಯ ಅವನಾಗೇ ಎತ್ತುವವರೆಗೆ ನೀವು ಎತ್ತಬೇಡಿ. ತಿಂಗಳಿಗೊಂದು ಭಾನುವಾರ ಅಮ್ಮನ ಜೊತೆ ಮಾರತ್ತಹಳ್ಳಿಗೆ ಬರುತ್ತಾನೆ, ನವೀನ್‌ನ ಮನೆಗೆ. ಹೊಸ ಶಾಲೆಯಲ್ಲಿ ಗೆಳೆಯರು ಇನ್ನೂ ಆಗಿಲ್ಲ ಅಂತ ಅಮ್ಮ ಹೇಳಿದರು, ಟೀಚರ್ ಜೊತೆ ನಾವು ಮಾತಾಡುತ್ತಾ ಇದ್ದೇವೆ.